ನನ್ನ ಬಟ್ಟಲಿನ ಮೊದಲ ಚಮಚ

ಶಾಬಾನ್ ೨೬ (ರಂಜಾನಿಗೆ ಇನ್ನು ಮೂರ್ನಾಲ್ಕು ದಿನ), ಮಧ್ಯಾಹ್ನ

ತೂಕ ಎಪ್ಪತ್ತೊಂದು. ಸಂಡಾಸಿಗೆ ಒಂದೇ ಸಲ. ರಕ್ತವಿಲ್ಲ. ಕಾಫಿ ಎರಡು. ಸಿಗರೇಟು ಮೂರು — ಸರಿ, ನಾಲ್ಕು.

ಹತ್ತು ಗಂಟೆಗೆ ಡಾಕ್ಟರಮ್ಮ ಇನ್ಸಾಫ್ ಬಳಿ. ನನ್ನ ಅರ್ಧ ವಯಸ್ಸು. ಗದರುವುದರಲ್ಲಿ ನಮ್ಮ ಇಲಾಖೆಯ ಹಳೆಯ ಡೈರೆಕ್ಟರ್‌ಗಿಂತ ಒಂದು ಕೈ ಮೇಲು. ಹತ್ತು ತಿಂಗಳಿಂದ ಕರುಳು ತಣ್ಣಗಿದೆ, ಈ ರಂಜಾನಿಗೆ ಉಪವಾಸ ಹಿಡಿಯಬಹುದು ಎಂದರು. ಷರತ್ತುಗಳು ಹಳೆಯವೇ. ಖಾರ ಕಮ್ಮಿ, ನೀರು ಜಾಸ್ತಿ, ದಿನದ ಔಷಧಿ ತಪ್ಪಿಸಬಾರದು, ನೋವಿನ ಮಾತ್ರೆ ಮುಟ್ಟಬಾರದು. ಒಂದು ಹನಿ ರಕ್ತ ಕಂಡರೂ ಅವತ್ತೇ ಉಪವಾಸ ಬಿಟ್ಟು ಫೋನು. ಮೂರು ವರ್ಷದಲ್ಲಿ ಮೂರು ಸಲ ಕೆರಳಿದ ಕರುಳು. ನಾಲ್ಕನೆಯದು ಔಷಧಿಗೆ ಬಗ್ಗದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕಾಗಬಹುದು. ಆಮೇಲೆ ಹೊಟ್ಟೆಗೆ ಹೊರಗಿನಿಂದ ಒಂದು ಚೀಲ.

ಚೀಲ! ಮೂವತ್ತನಾಲ್ಕು ವರ್ಷ ಸ್ಫಾಕ್ಸ್ ಬಂದರಿನ ಕಸ್ಟಮ್ಸಿನಲ್ಲಿ ಮಂದಿಯ ಚೀಲ ಬಿಚ್ಚಿಸಿದವನು ನಾನು. ಈಗ ನಾನೇ ಒಂದು ಕಟ್ಟಿಕೊಂಡು ಓಡಾಡಬೇಕಂತೆ. ಅದಕ್ಕಿಂತ ಸಾಯುವುದೇ ವಾಸಿ.

ಕರುಳು ಯಾಕೆ ಹೀಗೆ ಕೆರಳುತ್ತದೆ ಎಂದು ನಾಲ್ಕನೇ ಸಲ ಕೇಳಿದೆ. ನಾಲ್ಕನೇ ಸಲವೂ ಬೇಸರಿಸದೆ, ಮರ್ಯಾದೆಯ ‘ಸೀ’ ಸೇರಿಸಿಯೇ ಹೇಳಿದರು.

“ಸೀ ತಾಹರ್, ಕರುಳಿನ ಒಳಗೋಡೆ ಅಂದ್ರೆ ಒಂದೇ ಒಂದು ಸಾಲು ಜೀವಕೋಶ ಅಷ್ಟೇ. ಭುಜಕ್ಕೆ ಭುಜ ಒತ್ತಿ ನಿಂತಿರ್ತಾವೆ, ನಿಮ್ಮ ಗೇಟಿನ ಪಹರೆಯವರ ಹಾಗೆ. ಊಟದ ಸಾರ ಬಿಡಬೇಕು, ಕ್ರಿಮಿ ತಡೀಬೇಕು. ಆ ಸಾಲು ಸಡಿಲ ಆಯ್ತು ಅಂದ್ರೆ ದಾಟಬಾರದ್ದೆಲ್ಲ ಗೋಡೆ ದಾಟುತ್ತೆ. ಆಚೆ ಕಡೆ ಮೈಯ ಕಾವಲಿನವರು ಬಂದೂಕು ಹಿಡಿದು ಕೂತಿರ್ತಾರೆ. ಅವರ ಕಣ್ಣಿಗೆ ಬಂದವರೆಲ್ಲ ಕಳ್ಳರೇ. ಕೊನೆಗೆ ಗುಂಡು ಬೀಳೋದು ನಿಮ್ಮ ಗೋಡೆಗೇ.”

ಹಾಗಾದರೆ ಮೊದಲು ತಪ್ಪಿದ್ದು ಗೇಟಿನವನೋ ಬಂದೂಕಿನವನೋ ಎಂದು ಕೇಳಿದೆ. ಅದು ತಮಗೂ ಪೂರ್ತಿ ಗೊತ್ತಿಲ್ಲವಂತೆ. ಗೋಡೆ ಸಡಿಲವಾಗಿ ಜಗಳ ಹುಟ್ಟುತ್ತದೋ, ಜಗಳದಿಂದ ಗೋಡೆ ಸಡಿಲವಾಗುತ್ತದೋ, ಒಂದನ್ನೊಂದು ಸಾಕುತ್ತವಂತೆ. ನಮ್ಮ ಇಲಾಖೆಯಲ್ಲಿ ಹೀಗೆ ವರದಿ ಬರೆದಿದ್ದರೆ ಮುಖಕ್ಕೆ ಎಸೆಯುತ್ತಿದ್ದರು. ತಾನಾಗಿ ಯಾವ ಗೇಟೂ ತೆರೆದುಕೊಳ್ಳುವುದಿಲ್ಲ. ತೆರೆಸಿದವರು ಒಬ್ಬರು ಇದ್ದೇ ಇರುತ್ತಾರೆ.

ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಲು ಹಾಳೆಗಳನ್ನು ಕೊಟ್ಟಿದ್ದಾರೆ. ಹಾಳೆ ಅವರಿಗೆ. ಈ ಪುಸ್ತಕ ನನಗೆ. ಇದನ್ನು ಯಾರೂ ಓದಕೂಡದು, ಮೂವತ್ತಮೂರು ವರ್ಷದಿಂದ ಜೊತೆಗಿರುವ ಹೆಂಡತಿ ಮನ್ನೂಬಿಯಾ ಅಂತೂ ಖಂಡಿತ ಓದಕೂಡದು. ಹಳೆಯ ಸಮವಸ್ತ್ರದ ಪೆಟ್ಟಿಗೆಯಲ್ಲಿ ಇಡುವುದು. ಬೀಗದ ಕೈ ನನ್ನ ಜೇಬಿನಲ್ಲಿ.

ರಂಜಾನ್ ೧

ನಸುಕಿನ ಊಟ: ತಬೂನಾ ರೊಟ್ಟಿ, ಮೊಸರು, ಮೂರು ಖರ್ಜೂರ, ಎರಡು ಲೋಟ ನೀರು. ಕನ್ನಡಕದ ಡಬ್ಬಿಯಿಂದ ಎಂದಿನ ಮಾತ್ರೆ. ಬಂದರಿನ ಹಳೆಯ ಅಭ್ಯಾಸ. ಬಾಂಗಿಗೆ ಮುಂಚೆ ಒಂದು ನುಂಗಿಬಿಟ್ಟರೆ ಕಾಫಿ ಸಿಗರೇಟಿಲ್ಲದೆ ಸಂಜೆಯವರೆಗೂ ತಲೆ ಸಿಡಿಯುವುದಿಲ್ಲ. ನಮ್ಮ ಪಾಳಿಯವರೆಲ್ಲ ನುಂಗುತ್ತಿದ್ದೆವು. ಡಾಕ್ಟರ ಹಾಳೆಗೆ ಅದನ್ನು ಬರೆಯಲಿಲ್ಲ. ಮಾತ್ರೆಯೇನು ಊಟವೇ?

ಸಂಜೆ: ಖರ್ಜೂರ, ಬಾರ್ಲಿಯ ಸಾರು ಶೋರ್ಬಾ, ಮೊಟ್ಟೆ ಇಟ್ಟು ಎಣ್ಣೆಯಲ್ಲಿ ಕರಿದ ಬ್ರಿಕ್ ಅರ್ಧ. ಹೊಟ್ಟೆ ಸುಮ್ಮನಿದೆ. ಮನ್ನೂಬಿಯಾ ಇವತ್ತು ಎರಡು ಪಾತ್ರೆಯಲ್ಲಿ ಶೋರ್ಬಾ ಮಾಡಿದ್ದಳು. ದೊಡ್ಡದು ಅವಳಿಗೆ, ಬಂದುಹೋಗುವವರಿಗೆ. ಚಿಕ್ಕದು ನನಗೆ. ಖಾರ ಬೇಡ ಅಂತ ಬೇರೆ ಮಾಡಿದೆ ಎಂದಳು.

ಬೇರೆ ಪಾತ್ರೆ. ಬರೆದಿಟ್ಟಿದ್ದೇನೆ.

ರಂಜಾನ್ ೫, ಮಧ್ಯಾಹ್ನ

ಹೊಟ್ಟೆ ಕೊಂಚ ಉಬ್ಬರ. ಸಂಡಾಸಿಗೆ ಎರಡು ಸಲ. ರಕ್ತವಿಲ್ಲ.

ಹಳೆಯ ಔಷಧಿ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂತೆ. ಬಿಲ್ಲು, ರಶೀದಿ, ತಾರೀಖು ನೋಡಿ ಕಳ್ಳಮಾಲು ಹಿಡಿದವನಿಗೆ ಇದೇನು ದೊಡ್ಡ ಕೆಲಸ? ಮೊದಲನೇ ಸಲ ರಕ್ತ ಕಂಡದ್ದು: ರಂಜಾನಿನ ಎರಡನೇ ವಾರ. ಮರುವರ್ಷ: ಈದ್‌ಗೆ ಎಂಟು ದಿನ ಮುಂಚೆ. ಹೋದ ವರ್ಷ: ರಂಜಾನ್ ಹದಿನೈದು.

ಮೂರು ವರ್ಷ, ಮೂರು ಸಲ, ಒಂದೇ ತಿಂಗಳು. ಡಾಕ್ಟರಮ್ಮನಿಗೂ ಕಾಣದೇ ಹೋದದ್ದು ನನಗೆ ಕಂಡಿತು. ಕಳೆದ ವರ್ಷ ಅವರು ಉಪವಾಸದ ಆಯಾಸ ಎಂದು ತಳ್ಳಿಹಾಕಿದ್ದರು. ಆಯಾಸವಂತೆ! ಹಡಗಿನ ಹೊಟ್ಟೆಯೊಳಗೆ ಆಗಸ್ಟ್ ತಿಂಗಳ ಉಪವಾಸದಲ್ಲಿ ಕೆಲಸ ಮಾಡಿದವನು ನಾನು.

ಉಳಿದ ಹನ್ನೊಂದು ತಿಂಗಳಿಗೂ ಈ ತಿಂಗಳಿಗೂ ಏನು ವ್ಯತ್ಯಾಸ? ಹನ್ನೊಂದು ತಿಂಗಳು ಮಧ್ಯಾಹ್ನದ ಊಟ ನನ್ನದು ಹೊರಗೆ — ಬಂದರಿನ ಎದುರಿನ ಹೋಟೆಲಿನಲ್ಲಿ, ನಿವೃತ್ತರ ಮೇಜಿನಲ್ಲಿ. ಈ ಒಂದು ತಿಂಗಳು ಹೋಟೆಲು ಮುಚ್ಚಿರುತ್ತದೆ. ಪ್ರತಿ ತುತ್ತೂ ಒಬ್ಬಳ ಕೈಯಿಂದಲೇ.

ಬೇಡ. ಇದನ್ನು ಬರೆಯಬಾರದಿತ್ತು.

ರಂಜಾನ್ ೮

ನಾಲ್ಕು ಸಲ. ಲೋಳೆ. ಹೊಟ್ಟೆಯ ಎಡಗಡೆ ಹಿಡಿದುಕೊಂಡ ಹಾಗೆ. ಡಾಕ್ಟರ ಹಾಳೆಯಲ್ಲಿ ‘ಎರಡು ಸಲ’ ಎಂದು ಬರೆದೆ. ಫೋನು ಮಾಡಿದರೆ ಉಪವಾಸ ಬಿಡಿಸುತ್ತಾರೆ, ಆಸ್ಪತ್ರೆಗೆ ಹಾಕುತ್ತಾರೆ. ಕಳ್ಳ ಸಿಗುವ ಮುಂಚೆ ಸಿಳ್ಳೆ ಊದುವವನು ದಡ್ಡ.

ಅಡುಗೆಮನೆಗೆ ನೀರು ಕುಡಿಯಲು ಹೋಗುವಂತಿಲ್ಲ, ಉಪವಾಸ. ಉಪ್ಪು ಹುಡುಕುವ ನೆಪದಲ್ಲಿ ಹೋದೆ. ಮನ್ನೂಬಿಯಾ ಏನನ್ನೋ ಸೆರಗಿನ ಮರೆಗೆ ಸರಿಸಿದಳು.

“ಏನು ಬೇಕಿತ್ತು ಇನ್‌ಸ್ಪೆಕ್ಟರ್ ಸಾಹೇಬ್ರಿಗೆ?”

ಉಪ್ಪಿನ ನೆಪ ಮರೆತು ಏನಿಲ್ಲ ಎಂದೆ. ನಿವೃತ್ತನಾಗಿ ಮೂರು ವರ್ಷವಾದರೂ ಅವಳ ಬಾಯಲ್ಲಿ ನಾನು ಸಾಹೇಬನೇ. ಮೊದಲು ಅದು ತಮಾಷೆ ಎಂದುಕೊಂಡಿದ್ದೆ.

ಬಶೀರನ ವಿಷಯ ಬರೆದುಬಿಡುತ್ತೇನೆ. ಅವಳ ತಮ್ಮ. ಕೆರ್ಕೆನ್ನಾ ದ್ವೀಪದವನು, ದೋಣಿ ಇಂಜಿನ್ ರಿಪೇರಿಯವನು. ಹನ್ನೊಂದು ವರ್ಷದ ಹಿಂದೆ ಇಟಲಿಯಿಂದ ಬಂದ ಡಬ್ಬಗಳಲ್ಲಿ ಹಳೆಯ ಕಬ್ಬಿಣ ಎಂದು ಬರೆಸಿ ಹೊಸ ಇಂಜಿನ್ ತಂದಿದ್ದ. ಬಿಚ್ಚಿಸಿದವನು ನಾನು. ಭಾವಮೈದುನ ಎಂದು ಬಿಡಬಹುದಿತ್ತು. ಎಲ್ಲರೂ ಬಿಡುತ್ತಿದ್ದರು. ನಾನು ವರದಿ ಬರೆದೆ. ಅವನ ಅಂಗಡಿ ಮುಚ್ಚಿತು. ಅವನು ಇವತ್ತಿಗೂ ನಮ್ಮ ಹೊಸ್ತಿಲು ತುಳಿದಿಲ್ಲ.

ಮನ್ನೂಬಿಯಾ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ, ಕೇಳಲಿಲ್ಲ. ಹನ್ನೊಂದು ವರ್ಷ. ನನಗೆ ಗೊತ್ತಿರುವ ಮಟ್ಟಿಗೆ ತಪಾಸಣೆಯಲ್ಲಿ ಕೂಗಾಡುವವನ ಬಳಿ ಏನೂ ಇರುವುದಿಲ್ಲ. ತುಟಿ ಬಿಚ್ಚದವನನ್ನು ಪಕ್ಕಕ್ಕೆ ನಿಲ್ಲಿಸಬೇಕು.

ರಂಜಾನ್ ೧೧, ಬೆಳಿಗ್ಗೆ

ರಕ್ತ.

ಸಂಜೆ

ಕಂಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ದಿನ ಕಾದದ್ದು ಸಾರ್ಥಕ. ಬಾಂಗಿಗೆ ಹತ್ತು ನಿಮಿಷ ಇತ್ತು. ಅಂಗಳದ ಕಿಟಕಿಯಿಂದ ನೋಡುತ್ತಿದ್ದೆ. ಕೂಸ್‌ಕೂಸ್ ಬೇಯಿಸುವ ಪಾತ್ರೆಯ ಹಿಂದಿನಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಕಂದು ಪುಡಿ. ಒಂದು ಚಿಟಿಕೆ ಚಿಕ್ಕ ಪಾತ್ರೆಗೆ. ನನ್ನ ಪಾತ್ರೆಗೆ ಮಾತ್ರ. ಕಲಕಿದಳು, ಪೊಟ್ಟಣ ಮಡಿಸಿ ವಾಪಸು ಅಲ್ಲೇ.

ಮೈ ಉರಿಯಿತು. ಆದರೂ ಹೋಗಿ ಮೇಜಿಗೆ ಕೂತೆ. ಅವಳು ಬಡಿಸಿದಳು. ಮುಖ ಕಂದಿದೆ, ನಿದ್ದೆ ಬಂತಾ ಎಂದು ಕೇಳಿದಳು. ನಾನು ನಾಲ್ಕು ಚಮಚ ಕುಡಿದೆ. ಕುಡಿಯದಿದ್ದರೆ ಗೊತ್ತಾಗಿಬಿಡುತ್ತಿತ್ತು.

ರಂಜಾನ್ ೧೨, ಮಧ್ಯಾಹ್ನ

ನಿನ್ನೆಯ ಶೋರ್ಬಾ ತಳದಲ್ಲಿ ಉಳಿದಿತ್ತು. ಗಾಜಿನ ಜಾರಿಗೆ ಸುರಿದೆ. ಪೊಟ್ಟಣದಿಂದಲೂ ಒಂದು ಚಿಟಿಕೆ ಬೇರೆ ಕಾಗದದಲ್ಲಿ. ಜಾರಿನ ಬಾಯಿಗೆ ಅಂಟುಪಟ್ಟಿ ಸುತ್ತಿ ಚೀಟಿ ಅಂಟಿಸಿದೆ. ಕೈ ತಾನಾಗಿ ಹಳೆಯ ರೀತಿಯಲ್ಲೇ ಬರೆಯಿತು — ನಮೂನೆ ಒಂದು. ಬಾರ್ಲಿ ಶೋರ್ಬಾ. ಮೂಲ: ಅಡುಗೆಮನೆ. ಅನುಮಾನಿತರು: ಮ.

ಶೆದ್ಲಿಯ ಬಳಿ ಕೊಟ್ಟು ಬಂದೆ. ಶಾಲೆಯ ಕಾಲದ ಗೆಳೆಯ, ಆಲಿವ್ ಎಣ್ಣೆ ಪರೀಕ್ಷೆ ಮಾಡುವ ಪುಟ್ಟ ಪ್ರಯೋಗಾಲಯ ಇಟ್ಟಿದ್ದಾನೆ. ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತರೆ ಮೂಸಿಯೇ ಹೇಳಬಲ್ಲ. ಚೀಟಿ ಓದಿ ನನ್ನ ಮುಖ ನೋಡಿದ. ಏನೂ ಕೇಳಬೇಡ, ನೋಡಿ ಹೇಳು ಎಂದೆ.

ಬರುವಾಗ ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲಬೇಕಾಯಿತು.

ರಂಜಾನ್ ೧೪

ಎರಡು ದಿನದಿಂದ ಶೋರ್ಬಾ ಗಂಟಲಿಗೆ ಇಳಿಸಿಲ್ಲ. ಅವಳು ರೊಟ್ಟಿ ತರಲು ಎದ್ದಾಗ ಮಲ್ಲಿಗೆ ಕುಂಡಕ್ಕೆ ಸುರಿಯುತ್ತಿದ್ದೇನೆ. ನಸುಕಿಗೂ ಅವಳು ಕೊಟ್ಟದ್ದು ಯಾವುದೂ ಇಲ್ಲ. ನಾನೇ ಕೊಂಡು ತಂದ ಖರ್ಜೂರ, ನನ್ನ ಮಾತ್ರೆ, ನಲ್ಲಿಯಿಂದ ನಾನೇ ಹಿಡಿದ ನೀರು. ಅಷ್ಟೇ.

ಆದರೂ ಆರು ಸಲ. ರಕ್ತ ನಿನ್ನೆಗಿಂತ ಹೆಚ್ಚು.

ಶೋರ್ಬಾ ಬಿಟ್ಟರೂ ಹೀಗೆ ಎಂದರೆ ಏನರ್ಥ? ರೊಟ್ಟಿಯಲ್ಲೂ ಇದೆ. ಅಥವಾ ನಾನು ಬಿಟ್ಟದ್ದು ಅವಳಿಗೆ ಗೊತ್ತಾಗಿ ಬೇರೆ ದಾರಿ ಹಿಡಿದಿದ್ದಾಳೆ. ನೀರಿನ ಲೋಟಕ್ಕೆ ಸವರುತ್ತಿದ್ದಾಳೋ? ನಾಳೆಯಿಂದ ಲೋಟವೂ ಬೇಡ, ಕೈಯಲ್ಲೇ ಹಿಡಿದು ಕುಡಿಯುವುದು.

ಮಲ್ಲಿಗೆ ಬಾಡಿಲ್ಲ. ಗಮನಿಸುತ್ತಿದ್ದೇನೆ.

ರಂಜಾನ್ ೧೬, ಸಂಜೆ ನಾಲ್ಕು

ಶೆದ್ಲಿಯ ಫೋನಿಗೆ ಕಾದು ಕಾದು ಕೊನೆಗೆ ನಾನೇ ಹೊರಟೆ. ಅರ್ಧ ದಾರಿಗೆ ನೆನಪಾಯಿತು, ಫೋನು ಮನೆಯಲ್ಲೇ ಉಳಿದಿದೆ. ಅವನು ನನ್ನನ್ನು ನೋಡಿ ‘ಈಗ ತಾನೆ ಫೋನ್ ಮಾಡಿದ್ದೆನಲ್ಲೋ’ ಎಂದು ಏನೋ ಶುರು ಮಾಡಿದ. ಅದಿರಲಿ, ಮೊದಲು ಫಲಿತಾಂಶ ಹೇಳು ಎಂದು ಬಾಯಿ ಮುಚ್ಚಿಸಿದೆ.

“ಲೋ ತಾಹರ್, ಮೂವತ್ತು ವರ್ಷ ಕಲಬೆರಕೆ ಹಿಡಿದಿದ್ದೀನಿ. ಇದರಲ್ಲಿ ಬಾರ್ಲಿ ಇದೆ, ಒಣ ಆಕ್ಟೋಪಸ್ ಇದೆ, ಒಂದಿಷ್ಟು ದಾಳಿಂಬೆ ಸಿಪ್ಪೆಯ ಪುಡಿ ಇದೆ. ಭೇದಿಗೆ ನಮ್ಮಜ್ಜಿ ಕೊಡ್ತಿದ್ದಳಲ್ಲ, ಅದೇ. ನಿನ್ನೆ ಬಾಂಗ್ ಆದಮೇಲೆ ನಾನೇ ಆ ಪುಡಿ ಬಾಯಿಗೆ ಹಾಕಿಕೊಂಡೆ. ಸತ್ತಿದ್ದೀನಾ? ವಿಷ ಇರೋದು ನಿನ್ನ ತಲೇಲಿ.”

ನಾಟಿ ಔಷಧಿ ಎಂದರೆ ನಾನು ಸಿಡಿಮಿಡಿಗುಟ್ಟುತ್ತೇನೆಂದು ಬಚ್ಚಿಟ್ಟು ಹಾಕಿದ್ದಾಳೆ ಎನ್ನುವುದು ಅವನ ಮಾತು. ಇರಬಹುದು. ಇಲ್ಲದೆಯೂ ಇರಬಹುದು. ಎಣ್ಣೆ ಮೂಸುವವನಿಗೆ ಎಲ್ಲ ಪುಡಿಯೂ ಗೊತ್ತೇ? ಒಳ್ಳೆಯ ಸರಕನ್ನು ಮೇಲಿಟ್ಟು ಕಳ್ಳಮಾಲನ್ನು ತಳದಲ್ಲಿಡುವುದು ಬಂದರಿನಲ್ಲಿ ಎಳೆಯನಿಗೂ ತಿಳಿದ ವಿದ್ಯೆ. ದಾಳಿಂಬೆ ಮೇಲಿನ ಸರಕು. ತಳದಲ್ಲಿ ಏನಿದೆ?

ಮನೆಗೆ ಬಂದರೆ ಫೋನು ಮೇಜಿನ ಮೇಲೆ, ಇಟ್ಟಲ್ಲೇ ಇತ್ತು. ಮನ್ನೂಬಿಯಾ ಬಾರ್ಲಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

ರಂಜಾನ್ ೧೭

ವಿಚಿತ್ರ. ಬಾಂಗಾಯಿತು. ಅವಳು ಶೋರ್ಬಾ ಬಡಿಸಿದಳು. ನನ್ನ ಮುಂದೆ ಇಟ್ಟಳು. ಆಮೇಲೆ ನನ್ನ ಚಮಚವನ್ನೇ ಎತ್ತಿ, ನನ್ನ ಬಟ್ಟಲಿನಿಂದಲೇ ಒಂದು ಚಮಚ ತೆಗೆದು ಕುಡಿದಳು. ಚಮಚ ಒರೆಸಿ ವಾಪಸು ಇಟ್ಟಳು.

ಮೂವತ್ತಮೂರು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ಉಪ್ಪು ನೋಡಿದೆಯಾ ಎಂದು ಕೇಳಿದೆ. ಹೂಂ ಎಂದಳು. ಉಪ್ಪು ನೋಡಲು ಒಲೆಯ ಬಳಿ ಚಮಚ ಇರಲಿಲ್ಲವೇ?

ರಂಜಾನ್ ೧೮

ಮತ್ತೆ ಅದೇ. ಮೊದಲ ಚಮಚ ಅವಳದ್ದು. ನೀರಿನ ಲೋಟದಿಂದಲೂ ಒಂದು ಗುಟುಕು. ರೊಟ್ಟಿಯ ಅಂಚು ಮುರಿದು ಬಾಯಿಗೆ. ಯಾಕೆ? ನನ್ನನ್ನು ನಂಬಿಸಲು. ನಂಬಿಸಬೇಕಾದ ಅಗತ್ಯ ಯಾರಿಗೆ ಇರುತ್ತದೆ? ಒಂದು ಚಮಚಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಅದು ಅವಳಿಗೆ ಗೊತ್ತು.

ಅವಳ ಕಣ್ಣು ಕೆಂಪಗಿತ್ತು. ಈರುಳ್ಳಿ ಎಂದಳು. ಇವತ್ತಿನ ಅಡುಗೆಗೆ ಈರುಳ್ಳಿ ಇರಲಿಲ್ಲ.

ರಂಜಾನ್ ೧೯

ಒಂಬತ್ತು ಸಲ. ಎದ್ದರೆ ಕಣ್ಣು ಕತ್ತಲೆ. ನಸುಕಿಗೆ ಎರಡು ಮಾತ್ರೆ ನುಂಗಿದೆ, ತಲೆಯೂ ಸಿಡಿಯುತ್ತಿತ್ತು. ಮೊದಲ ಚಮಚ ಅವಳೇ

ರಂಜಾನ್ ೨೪, ಆಸ್ಪತ್ರೆ, ಮಧ್ಯಾಹ್ನ

ಬರೆಯಲು ಆಗುತ್ತಿದೆ. ಬೆರಳು ನನ್ನದಲ್ಲದ ಹಾಗಿದೆ. ಹತ್ತೊಂಬತ್ತರ ಸಂಜೆ ಸಾಲು ಅರ್ಧಕ್ಕೆ ಬಿಟ್ಟು ಸಂಡಾಸಿಗೆ ಓಡುವಾಗ ಪುಸ್ತಕ ಶರ್ಟಿನ ಒಳಗೆ ಸೇರಿಸಿದ್ದೆ, ನರ್ಸು ತಲೆದಿಂಬಿನ ಕೆಳಗೆ ಇಟ್ಟಿದ್ದಾಳೆ.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಸಂಡಾಸಿನ ಬಾಗಿಲಲ್ಲಿ ಬಿದ್ದೆನಂತೆ. ಮನ್ನೂಬಿಯಾ ಎರಡು ಮನೆಯಾಚೆಯ ಟ್ಯಾಕ್ಸಿಯವನನ್ನು ಎಬ್ಬಿಸಿ, ನನ್ನನ್ನು ಅವನ ಜೊತೆ ಹೊತ್ತು ತಂದಳಂತೆ. ರಕ್ತ ಎರಡು ಬಾಟಲು ಏರಿಸಿದರು. ಸೂಜಿಯ ಔಷಧಿ ಶುರುವಾಯಿತು. ಮೂರು ದಿನದಲ್ಲಿ ಬಗ್ಗದಿದ್ದರೆ ಚಾಕು ಎಂದರು.

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು. ವರದಿಯ ಹಾಗೆ.

ಮೊನ್ನೆ ಡಾಕ್ಟರಮ್ಮ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ತಂದರು. ಬೇಕಾಗದೇ ಹೋಗಬಹುದು, ಆದರೂ ಸಹಿ ಇರಲಿ ಎಂದರು. ಓದದೆ ಸಹಿ ಹಾಕುವವನು ನಾನಲ್ಲ. ಕನ್ನಡಕ ಕೇಳಿದೆ. ಮನ್ನೂಬಿಯಾ ಚೀಲದಿಂದ ಡಬ್ಬಿ ತೆಗೆದು ಕೊಟ್ಟಳು. ತೆರೆದೆ. ಕನ್ನಡಕದ ಜೊತೆ ಮಾತ್ರೆಯ ಪಟ್ಟಿ ಜಾರಿ ಹೊದಿಕೆಯ ಮೇಲೆ ಬಿತ್ತು. ಡಾಕ್ಟರಮ್ಮ ಎತ್ತಿಕೊಂಡರು.

“ಇದೇನು?”

ತಲೆನೋವಿಗೆ ಎಂದೆ.

“ತಲೆನೋವು ಇದೆಯಾ? ಹಾಳೆಯಲ್ಲಿ ಒಂದು ದಿನವೂ ಬರೆದಿಲ್ಲ.”

ಇಲ್ಲ, ಬರಬಾರದು ಅಂತ ನಸುಕಿಗೆ ಒಂದು ಎಂದೆ. ರಂಜಾನಿನಲ್ಲಿ ಮಾತ್ರ. ಇಪ್ಪತ್ತು ವರ್ಷದ ಅಭ್ಯಾಸ.

“ನೋವಿನ ಮಾತ್ರೆ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ, ಸೀ ತಾಹರ್?”

“ನೋವು ಬಂದಿದ್ರೆ ತಾನೆ ನೋವಿನ ಮಾತ್ರೆ? ಇದು ಉಪವಾಸದ ಮಾತ್ರೆ.”

ಹೇಳುವಾಗ ಅದು ಸರಿಯಾಗಿಯೇ ಇತ್ತು. ಬಂದರಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಬಾಯಿಂದ ಹೊರಗೆ ಬಿದ್ದ ಮೇಲೆ ನನಗೇ ಕೇಳಿಸಿತು.

ಡಾಕ್ಟರಮ್ಮ ಗದರಲಿಲ್ಲ. ಮಂಚದ ಅಂಚಿಗೆ ಕೂತುಬಿಟ್ಟರು. ಈ ಜಾತಿಯ ಮಾತ್ರೆ ಗೇಟಿನ ಪಹರೆಯವರ ಕೈ ಬಿಡಿಸುತ್ತದಂತೆ. ಗಟ್ಟಿ ಗೋಡೆಯವರು ಹೇಗೋ ತಡೆದುಕೊಳ್ಳುತ್ತಾರಂತೆ, ನನ್ನಂಥ ಗೋಡೆ ತಡೆಯುವುದಿಲ್ಲ. ಇದೊಂದೇ ಕಾರಣ ಎಂದು ಪ್ರಮಾಣ ಮಾಡಲಾರರು. ಆದರೆ ಹಿಂದೆ ಮೂರು ಸಲ, ಈಗ ನಾಲ್ಕನೆಯದು, ಎಲ್ಲ ಒಂದೇ ತಿಂಗಳು... ಬೇರೆ ಸಾಕ್ಷಿ ಬೇಕೇ ಎಂದು ಕೇಳಿದರು.

ನಾನು ಮನ್ನೂಬಿಯಾಳ ಕಡೆ ನೋಡಲಿಲ್ಲ. ಅವಳು ಬಂದು ಡಾಕ್ಟರಮ್ಮನ ಕೈಯಿಂದ ಆ ಪಟ್ಟಿ ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿದಳು. ಇದನ್ನ ನಾನೇ ಬಿಸಾಕ್ತೀನಿ ಎಂದಳು. ಅಷ್ಟೇ.

ಇಡೀ ಮನೆ ತಪಾಸಣೆ ಮಾಡಿದೆ. ಪಾತ್ರೆ, ಪೊಟ್ಟಣ, ಲೋಟ, ಹೂವಿನ ಕುಂಡ. ನನ್ನ ಜೇಬು ಒಂದನ್ನು ಬಿಟ್ಟು.

ರಂಜಾನ್ ೨೬

ಔಷಧಿಗೆ ಬಗ್ಗಿದೆ. ಮೂರು ಸಲ, ರಕ್ತದ ಗೆರೆ ಮಾತ್ರ. ಚಾಕು ಸದ್ಯಕ್ಕಿಲ್ಲ. ಒಪ್ಪಿಗೆ ಪತ್ರ ಹರಿದು ಹಾಕಿದರು. ಸಂತೋಷ ಆಗಬೇಕು. ಆಗುತ್ತಿಲ್ಲ.

ಶೆದ್ಲಿ ಬಂದಿದ್ದ. ಮನ್ನೂಬಿಯಾ ಕೆಳಗೆ ಔಷಧಿ ಅಂಗಡಿಗೆ ಹೋಗಿದ್ದಳು. ಅವನು ಕುರ್ಚಿಯಲ್ಲಿ ಒದ್ದಾಡಿ ಒದ್ದಾಡಿ ಕೊನೆಗೆ ಹೇಳಿದ. ಹದಿನಾರನೇ ದಿನ ಅವನು ನನ್ನ ನಂಬರಿಗೆ ಫೋನು ಮಾಡಿದಾಗ ಎತ್ತಿದವಳು ಅವಳು. ಕೇಳಿ ಅವಳೂ ನಗುತ್ತಾಳೆ ಅಂತ ಇವನು ನಗುತ್ತಾ ಎಲ್ಲವನ್ನೂ ಹೇಳಿದ್ದಾನೆ, ಜಾರು, ಅಂಟುಪಟ್ಟಿ, ‘ಅನುಮಾನಿತರು: ಮ’ ಕೂಡ.

“ಏನಂದಳು?”

“ಹೆಚ್ಚೇನೂ ಇಲ್ಲ ಕಣೋ. ಜಾರು ಒಳ್ಳೇದು, ವಾಪಸು ಕಳಿಸಿ ಅಂದಳು.”

ಹದಿನಾರು. ಹದಿನೇಳರಿಂದ ಮೊದಲ ಚಮಚ.

ಆ ಚಮಚ, ಆ ಗುಟುಕು ನೀರು, ಆ ರೊಟ್ಟಿಯ ಅಂಚು. ದಿನವೂ ನನ್ನ ಎದುರು ಕೂತು, ಅನುಮಾನ ಬಂದ ಪ್ರತಿಯೊಂದು ಸರಕನ್ನೂ ತಾನೇ ಬಿಚ್ಚಿ ತೋರಿಸುತ್ತಿದ್ದಳು. ನಾನು ಅದನ್ನೂ ವಿರುದ್ಧದ ಸಾಕ್ಷಿ ಎಂದು ಬರೆದುಕೊಂಡೆ. ಮೇಲಿನ ಪುಟಗಳಲ್ಲಿದೆ. ನನ್ನದೇ ಅಕ್ಷರ.

ಹೊದಿಕೆ ಮುಖದ ಮೇಲೆ ಎಳೆದುಕೊಂಡು ಅತ್ತೆ. ಪಕ್ಕದ ಮಂಚದವನು ನೋವಾ ಚಾಚಾ ಎಂದು ಕೇಳಿದ.

ರಂಜಾನ್ ೨೯, ಮನೆ

ಬೆಳಿಗ್ಗೆ ಬಿಟ್ಟರು. ಟ್ಯಾಕ್ಸಿಯಲ್ಲಿ ಅವಳು ಕಿಟಕಿಯ ಕಡೆ, ನಾನು ಕಿಟಕಿಯ ಕಡೆ. ನಡುವೆ ಔಷಧಿಯ ಚೀಲ.

ಅಡುಗೆಮನೆಯ ಹಲಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಆ ಜಾರು. ತೊಳೆದು ಒಣಗಿಸಿ ದಾಳಿಂಬೆ ಪುಡಿ ತುಂಬಿಟ್ಟಿದ್ದಾಳೆ. ನನ್ನ ಚೀಟಿಯನ್ನು ಕಿತ್ತಿಲ್ಲ. ತೊಳೆಯುವಾಗ ಅದು ನೆನೆಯದ ಹಾಗೆ ಎಷ್ಟು ಜೋಪಾನ ಮಾಡಿರಬೇಕು!

ಚೀಟಿ ಯಾಕೆ ಇಟ್ಟಿದ್ದೀಯ ಎಂದು ಕೇಳಿದೆ.

“ನಿಮ್ಮ ಅಕ್ಷರ ಚೆನ್ನಾಗಿದೆ. ನನ್ನ ಹೆಸರನ್ನ ನೀವು ಬರೆದು ಎಷ್ಟು ವರ್ಷ ಆಗಿತ್ತೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಶೀರನ ವಿಷಯಕ್ಕೆ ಅಲ್ಲವೇ ನಿನಗೆ ನನ್ನ ಮೇಲೆ ಸಿಟ್ಟು, ಅದಕ್ಕೇ ನಾನು ಹೀಗೆಲ್ಲ ಯೋಚಿಸಿದ್ದು ಎಂದೆ. ಎಂಥ ಹೇಡಿ ಮಾತು. ಅಲ್ಲೂ ತಪ್ಪನ್ನು ಅವಳ ಕಡೆಗೇ ತಳ್ಳಿದೆ.

ಅವಳು ಬಾರ್ಲಿಯ ಮೊರ ಕೆಳಗಿಟ್ಟಳು.

“ನೀವು ಬಶೀರನ ಡಬ್ಬ ಬಿಚ್ಚಿದ ದಿನ ಅತ್ತೆ. ಮರುದಿನವೂ ಅತ್ತೆ. ಆಮೇಲೆ ಹೊಟ್ಟೆಗೆ ಹಾಕ್ಕೊಂಡೆ, ನನ್ನ ಗಂಡ ಕಳ್ಳ ಅಲ್ವಲ್ಲ ಅಂತ. ನನಗೆ ಅವತ್ತೇ ಮುಗೀತು. ನಿಮಗೆ ಇನ್ನೂ ಜೀರ್ಣ ಆಗಿಲ್ಲ.”

ಹದಿನಾರನೇ ದಿನವೇ ಯಾಕೆ ಕೇಳಲಿಲ್ಲ ಎಂದೆ.

“ನೀವೇ ಕೇಳಲಿ ಅಂತ ಕಾದೆ. ಒಂದು ಚಮಚಕ್ಕೆ ಕೇಳ್ತೀರ, ಎರಡು ಚಮಚಕ್ಕೆ ಕೇಳ್ತೀರ ಅಂತ. ನೀವು ಕೇಳೋರಲ್ಲ, ಬರ್ಕೊಳ್ಳೋರು.”

ಮೊರ ಎತ್ತಿಕೊಂಡು ಅಂಗಳಕ್ಕೆ ಹೋದಳು. ಹಾಗಾದರೆ ಪೆಟ್ಟಿಗೆಯ ಈ ಪುಸ್ತಕದ ವಿಷಯ ಅವಳಿಗೆ ಗೊತ್ತು. ಎಷ್ಟು ದಿನದಿಂದ? ಬೀಗದ ಕೈ ಒಂದೇ ಇರುವುದು, ಅದೂ ನನ್ನ... ನೋಡು, ಮತ್ತೆ ಶುರು. ಕರುಳು ಆರಿದರೂ ಈ ಬುದ್ಧಿ ಆರುವುದಿಲ್ಲ.

ಈದ್, ಬೆಳಿಗ್ಗೆ ಒಂಬತ್ತು

ತೂಕ ಅರವತ್ತನಾಲ್ಕು. ಎರಡು ಸಲ. ರಕ್ತವಿಲ್ಲ. ಮಾತ್ರೆ ಇಲ್ಲ. ತಲೆ ನೋಯುತ್ತಿದೆ, ನೋಯಲಿ. ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಮಾತ್ರ.

ಇಡೀ ಸ್ಫಾಕ್ಸ್ ಇವತ್ತು ಉಪ್ಪುಮೀನಿನ ವಾಸನೆ. ಈರುಳ್ಳಿ ಒಣದ್ರಾಕ್ಷಿಯ ಗೊಜ್ಜು ನಮ್ಮ ಮನೆಯಲ್ಲೂ ಕುದಿದಿದೆ, ಬರುವವರಿಗೆ. ಕೆರ್ಕೆನ್ನಾದಿಂದ ಹನ್ನೊಂದರ ದೋಣಿಗೆ ಬಶೀರ್ ಬರುತ್ತಾನಂತೆ. ಆಸ್ಪತ್ರೆಗೆ ಎರಡು ಸಲ ಬಂದು ಬಾಗಿಲಾಚೆ ನಿಂತು ಹೋಗಿದ್ದನಂತೆ, ಯಾರೂ ನನಗೆ ಹೇಳಲಿಲ್ಲ. ನನಗೆ ಬಾರ್ಲಿ ಗಂಜಿ.

ಈಗ ತಾನೆ ತಂದಿಟ್ಟಳು. ಹೊಸ ಬಟ್ಟೆ ಉಟ್ಟಿದ್ದಾಳೆ. ಎದುರು ಕೂತಳು. ಕೈ ಚಾಚಿ ನನ್ನ ಚಮಚ ಎತ್ತಿಕೊಂಡಳು, ನನ್ನ ಬಟ್ಟಲಿಗೆ ಅದ್ದಿದಳು.

ನಾನು ಮಣಿಕಟ್ಟು ಹಿಡಿದೆ. ಬೇಡ ಎಂದೆ. ಇನ್ನು ಬೇಡ.

“ಅಭ್ಯಾಸ ಆಗಿಹೋಗಿದೆ, ಸಾಹೇಬ್ರೆ.”

ನಗಲಿಲ್ಲ. ಸಿಟ್ಟೂ ಇರಲಿಲ್ಲ. ಚಮಚ ಗಂಜಿಯಲ್ಲಿ ನಿಂತಿದೆ. ಅವಳೂ ಬಿಟ್ಟಿಲ್ಲ, ನಾನೂ ಮುಟ್ಟಿಲ್ಲ. ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡೇ ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಏನು ಬರೀತಿದ್ದೀರಿ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದಳು.

ನನ್ನ ಬಳಿ ಬಚ್ಚಿಟ್ಟ ಮಾಲು ಇದೊಂದೇ ಉಳಿದಿರುವುದು. ಓದಿದರೆ ಬಶೀರನ ಜೊತೆ ಅದೇ ದೋಣಿ ಹತ್ತಿ ಹೋದಾಳು. ಹೋದರೆ ತಡೆಯುವ ಬಾಯಿ ನನಗಿಲ್ಲ. ಆದರೂ ಇವತ್ತು ತಪಾಸಣೆ ಅವಳದು. ಗಂಜಿ ಆರುವ ಮುಂಚೆ, ಮನ್ನೂಬಿಯಾ, ಶಾಬಾನ್ ಇಪ್ಪತ್ತಾರರಿಂದ ಓದು ಅಂತ ಪುಸ್ತಕವನ್ನು ನಿನ್ನ ಕಡೆ ತಿರು